ಕಾರವಾರದಾಗ ಕಯಾಕ್ ಕಲಿಯೋದು: ಬೆಳಗಾವಿ ಮಂದಿ ಕೇಳಿದ್ದು, ಗೈಡ್ ಹೇಳಿದ್ದು

ಗುಂಪಿನ ಅಡ್ಮಿನ್: ಈ ಚಳಿಗಾಲದಾಗ ಸಮುದ್ರ ಕಯಾಕಿಂಗ್, ಅಂದ್ರ ಪ್ಯಾಡಲ್ ಹಾಕಿ ನಡಸೋ ಸಣ್ಣ ಉದ್ದನ ದೋಣಿ ಓಡಸೋದು, ಕಲೀಬೇಕು ಅಂತ ನಮ್ಮ ಟ್ರೆಕ್ಕಿಂಗ್ ಗುಂಪಿನಾಗ ಭಾಳ ದಿನದಿಂದ ಮಾತು ನಡದೈತಿ. ಬೆಳಗಾವಿಯವರೇ ಆದ, ಹಂಗಾಮಿನಾಗ ಕರಾವಳಿಯೊಳಗ ಕಯಾಕ್ ಕಲಿಸೋ ಗೈಡ್ ಒಬ್ಬರು ಇವತ್ತು ಉತ್ತರ ಕೊಡತಾರ. ಕೇಳ್ರಿ.

ಟಿಳಕವಾಡಿಯಿಂದ: ಸರ್, ನಾವು ಹದಿನಾಲ್ಕು ಮಂದಿ. ಶನಿವಾರ ನಸುಕಿನ್ಯಾಗ ಟೆಂಪೊ ಟ್ರಾವೆಲರ್ ಬಿಟ್ಟು, ಕಾರವಾರ ಮುಟ್ಟಿ, ನಾಷ್ಟಾ ಮಾಡಿ ಹನ್ನೊಂದಕ್ಕ ನೀರಿಗೆ ಇಳಿಯೋದು ಅಂತ ಪ್ಲ್ಯಾನ್. ರವಿವಾರ ಕೂರ್ಮಗಡ ದ್ವೀಪ ಮುಟ್ಟಿ ರಾತ್ರಿ ವಾಪಸ್. ಆಗತೈತೇನ್ರಿ?

ಗೈಡ್: ಕೂರ್ಮಗಡದ ಮಾತು ಆಮ್ಯಾಲೆ. ಮೊದಲ ಆ ಹನ್ನೊಂದು ಗಂಟೆ ತಗದು ಹಾಕ್ರಿ. ನೀವು ಇಳಿಯೋ ಹೊತ್ತಿಗೆ ನಾವು ಕಯಾಕ್ ದಂಡಿಗೆ ಎಳಕೊಂಡು ಊಟದ ತಯಾರಿಯೊಳಗ ಇರತೀವಿ.

ಯಾಕಂದ್ರ, ರಾತ್ರಿ ನೆಲ ಲಗೂನ ತಂಪಾಗತೈತಿ, ಸಮುದ್ರ ಆಗೂದಿಲ್ಲ. ಹಿಂಗಾಗಿ ಮುಂಜಾನೆ ಗಾಳಿ ಘಟ್ಟದ ಕಡಿಂದ ಸಮುದ್ರದ ಕಡೆ ಸಣ್ಣಗ ಬೀಸತಿರತೈತಿ. ಬಿಸಿಲು ಏರಿ ನೆಲ ಕಾದಮ್ಯಾಲೆ ಅದು ನಿಂತು, ಸಮುದ್ರದಿಂದ ಒಳಗ ಬೀಸೋ ಗಾಳಿ ಚಾಲೂ ಆಗತೈತಿ. ಮಧ್ಯಾಹ್ನ ಎರಡು-ಮೂರಕ್ಕ ಅದರ ಜೋರು ನೋಡ್ರಿ. ಗಾಳಿ ಜೋರು ಅಳಿಯೋ ಬೋಫೋರ್ಟ್ ಮಾಪಕದ ನಾಲ್ಕನೇ ದರ್ಜೆ ಗಾಳಿ ಅಂದ್ರ ತಾಸಿಗೆ 20ರಿಂದ 28 ಕಿ.ಮೀ.; ಅಲೆಗಳ ತುದಿಗೆ ಬಿಳಿ ನೊರಿ ಕಾಣತೈತಿ. ಹೊಸಬರು ಶಾಂತ ನೀರಿನಾಗ ತಾಸಿಗೆ ಮೂರು-ನಾಲ್ಕು ಕಿ.ಮೀ. ಹೊಡೀತಾರ. ಈ ಗಾಳಿ ಎದುರಿಗೆ ಬಂತಂದ್ರ ತೋಳು ಬೀಳೂಮಟ ಪ್ಯಾಡಲ್ ಹಾಕಿದ್ರೂ ಇದ್ದಲ್ಲೇ ಇರತಾರ.

ಹಂಗಂತ ಮುಂಜಾನಿ ಗಾಳಿ ಭಾಳ ಸಾಧು ಅಂತ ತಿಳಕೋಬ್ಯಾಡ್ರಿ. ನೀರು ಕನ್ನಡಿಯಂಗ ಇರತೈತಿ, ಗಾಳಿ ಬೆನ್ನಿಗೆ ಇರತೈತಿ, ಮಾತಾಡಿಕೋತ ಹೊರಗ ಹೊರಗ ಹೋಗತಿರತೀರಿ. ದಂಡಿ ಎಷ್ಟು ದೂರ ಉಳೀತು ಅನ್ನೋದು ತಿರುಗಿದಾಗ ಗೊತ್ತಾಗೂದು. ಅದಕ್ಕ ನಾನು ಮುಂಜಾನಿ ಬ್ಯಾಚಿಗೆ ದಂಡಿ ಗುಂಟ ಅಷ್ಟ ಹೋಗಾಕ ಬಿಡತೀನಿ.

ಮೂರನೇದ್ದು ಅಳಿವಿ. ಕಾಳಿ ನದಿ ಸಮುದ್ರ ಸೇರೋ ಜಾಗಾದಾಗ, ಸದಾಶಿವಗಡದ ಹತ್ತಿರ, ಇಳಿತದ ಹೊತ್ತಿನ್ಯಾಗ ನೀರು ಹೊರಗ ಓಡತಿರತೈತಿ. ಅದೇ ಹೊತ್ತಿಗೆ ಸಮುದ್ರದ ಗಾಳಿ ಎದುರಿಗೆ ಹೊಡದ್ರ ಅಲೆಗಳು ಒಂದಕ್ಕೊಂದು ಒತ್ತಿ ಕಡಿದಾಗಿ ಏಳತಾವ. ಮುಂಜಾನಿ ಆರಾಮ ದಾಟಿದ ಜಾಗಾ ಸಂಜೀಕ ದಾಟಾಕ ಆಗೂದಿಲ್ಲ. ಅದಕ್ಕ ನಮ್ಮ ದಿನದ ವೇಳಾಪಟ್ಟಿ ಬರಿಯೋದು ಗಾಳಿ ಮತ್ತ ಉಬ್ಬರ-ಇಳಿತ. ನಿಮ್ಮ ಟ್ರಾವೆಲರಿನ ಡ್ರೈವರ್ ಅಲ್ಲ.

ಶುಕ್ರವಾರ ಮಧ್ಯಾಹ್ನ ಬಿಡ್ರಿ, ರಾತ್ರಿ ಅಲ್ಲೇ ಮಲಗ್ರಿ, ಆರೂವರೆಗೆ ನೀರಿನಾಗ ಇರೂಣು. ಮೊದಲ ದಿನ ನದಿಯೊಳಗ, ಎರಡನೇ ದಿನ ಎಲ್ಲಾ ಸರಿ ಇದ್ರ ದೇವಬಾಗ ದಂಡಿ ಗುಂಟ. ಕೂರ್ಮಗಡ ಮೊದಲ ಕೋರ್ಸಿನ ಮಾತಲ್ಲ. ಮತ್ತ ಹದಿನಾಲ್ಕು ಮಂದಿಯನ್ನ ಒಬ್ಬ ಗೈಡ್ ಸಮುದ್ರಕ್ಕ ಕರಕೊಂಡು ಹೋಗತೀನಿ ಅಂದ್ರ, ಅವನ ಧೈರ್ಯ ಮೆಚ್ಚಿ ಬ್ಯಾರೆ ಗೈಡ್ ಹುಡುಕ್ರಿ. ಆರು ಮಂದಿಗೊಬ್ಬ ನನ್ನ ಮಿತಿ.

ಟಿಳಕವಾಡಿಯಿಂದ: ಜನವರಿಯೊಳಗ ಕೂರ್ಮಗಡದ ನರಸಿಂಹ ಜಾತ್ರಿ ಇರತೈತಲ್ರಿ, ಆ ದಿನಾನ ಬಂದ್ರ?

ಗೈಡ್: ಜಾತ್ರಿ ಪುಷ್ಯ ಹುಣ್ಣಿವಿಗೆ. ಹುಣ್ಣಿವಿ, ಅಮಾವಾಸ್ಯೆ ಸುತ್ತಮುತ್ತ ಉಬ್ಬರ-ಇಳಿತದ ಅಂತರ ದೊಡ್ಡದು, ಹರಿವಿನ ಸೆಳೆತಾನೂ ದೊಡ್ಡದು. ಅಷ್ಟಮಿ ಹೊತ್ತಿಗೆ ಸಣ್ಣದು. ಮ್ಯಾಲೆ ಜಾತ್ರಿ ದಿನ ಮಂದಿ ತುಂಬಿದ ಮೀನುಗಾರಿಕೆ ದೋಣಿ ಒಂದರ ಹಿಂದ ಒಂದು ಓಡತಿರತಾವ. ದೇವರಿಗೆ ದೋಣಿಯೊಳಗ ಹೋಗಿ ಬರ್ರಿ. ಕಯಾಕ್ ಕೋರ್ಸು ಮುಂದಿನ ಅಷ್ಟಮಿ ವಾರಕ್ಕ ಇಡೂಣು. ನಿಮ್ಮ ಮನಿ ಗ್ವಾಡಿ ಮ್ಯಾಲಿನ ಪಂಚಾಂಗದ ಕ್ಯಾಲೆಂಡರ್ ಇದಕ್ಕ ಸಾಕು.

ಸವದತ್ತಿಯಿಂದ: ನಾನು ಬಾವ್ಯಾಗ ಬೆಂಡು ಕಟಗೊಂಡು ಈಜು ಕಲ್ತಾವ. ನಮ್ಮ ಮನಿಯವ್ರಿಗೆ ಈಜೇ ಬರೂದಿಲ್ಲ. ಇಬ್ಬರಿಗೂ ನಡೀತೈತೇನ್ರಿ?

ಗೈಡ್: ಅವರು ಬರಬಹುದು, ನದಿಯೊಳಗ, ಮ್ಯಾಲೆ ಕುಂದರೋ ಅಗಲ ಕಯಾಕ್‌ನಾಗ. ಸಮುದ್ರಕ್ಕ ಬ್ಯಾಡ. ಈಜಿನಕಿಂತ ನಾನು ಮೊದಲ ನೋಡೂದು ಮುಖ ನೀರಾಗ ಮುಳುಗಿದ್ರ ಮನುಷ್ಯ ಗಾಬರಿ ಆಗತಾನೋ ಇಲ್ಲೋ ಅನ್ನೋದು. ಬಾವ್ಯಾಗ ಕಲ್ತವ್ರಿಗೆ ದಮ್ಮು ಭಾಳ ಇರತೈತಿ, ಖರೇ. ಆದ್ರ ಬಾವಿ ನೀರು ಮಾರಿಗೆ ಹೊಡಿಯೂದಿಲ್ಲ. ಮೊದಲ ಅಲೆಗೆ ಉಪ್ಪುನೀರು ಮೂಗಿಗೆ ಏರಿದಾಗ ಎಷ್ಟೋ ಗಟ್ಟಿ ಈಜುಗಾರರು ದಂಗಾಗತಾರ.

ಲೈಫ್ ಜಾಕೆಟ್ ಹಾಕ್ಕೊಂಡ ಮ್ಯಾಲೆ ಎರಡೂ ಹೆಗಲ ಪಟ್ಟಿ ಹಿಡದು ಮ್ಯಾಲೆ ಎತ್ತಾಕ ಹೇಳ್ರಿ. ಜಾಕೆಟ್ ಕಿವಿ ಮಟ ಬಂದ್ರ ಅದು ನಿಮ್ಮ ಅಳತಿದಲ್ಲ.

ವಡಗಾವಿಯಿಂದ: ಕಾಲು ಒಳಗ ಇಟ್ಟು, ನೀರು ಒಳಗ ಬರದಂಗ ಸೊಂಟಕ್ಕ ರಬ್ಬರ್ ಸ್ಕರ್ಟ್ ಬಿಗಿದು ಕುಂದರೋ ಕಯಾಕ್ ಮಗಚಿದ್ರ ತಲಿಕೆಳಗಾಗಿ ಸಿಕ್ಕೊಳ್ಳೂದಿಲ್ಲೇನ್ರಿ? ಇದೊಂದು ಅಂಜಿಕಿ.

ಗೈಡ್: ಈ ಅಂಜಿಕಿ ಬಿಡಿಸದ ಕೋರ್ಸು ಕೋರ್ಸೇ ಅಲ್ಲ. ಮೊದಲ ದಿನ, ಎದಿ ಮಟ ನೀರಿನಾಗ, ನಾನು ಪಕ್ಕದಾಗ ನಿಂತಾಗ, ನಿಮ್ಮನ್ನ ನೀವೇ ಮಗಚಬೇಕು. ತಲಿಕೆಳಗಾದ ಕೂಡಲೇ ಮೈ ಮುಂದ ಬಗ್ಗಿಸ್ರಿ, ಹಣಿ ಕಯಾಕಿಗೆ ತಾಗೂವಂಗ. ಎರಡೂ ಕೈ ಹೊರಗ ಹಾಕಿ ಕಯಾಕಿನ ತಳಾ ಮೂರು ಸಲ ಬಡೀರಿ. ಆ ಬಡಿಯೋದರಿಂದ ನಿಮಗ ‘ಟೈಮ್ ಐತಿ’ ಅಂತ ಖಾತ್ರಿ ಆಗತೈತಿ, ನನಗ ನೀವು ಎಚ್ಚರ ಅದೀರಿ ಅಂತ ತಿಳೀತೈತಿ. ಆಮ್ಯಾಲೆ ಸ್ಕರ್ಟಿನ ಮುಂದ ಒಂದು ಕುಣಿಕಿ ಇರತೈತಿ, ಅದನ್ನ ಮುಂದಕ್ಕ ಎಳೆದು ಬಿಚ್ಚಿ, ಸೊಂಟದ ಎರಡೂ ಕಡೆ ಅಂಚಿಗೆ ಕೈ ಒತ್ತಿದ್ರ ಪ್ಯಾಂಟು ಕಳಚಿದಂಗ ಹೊರಗ ಬರತೀರಿ. ಆ ಕುಣಿಕಿ ಒಳಗ ಮಡಚಿ ಹೋಗಿತ್ತಂದ್ರ ಮಾತ್ರ ಫಜೀತಿ. ಅದಕ್ಕ ದಂಡಿ ಬಿಡೂಕಿಂತ ಮೊದಲ ಎಲ್ಲಾರ ಕುಣಿಕಿ ನಾನು ಕೈಯಾರೆ ಮುಟ್ಟಿ ನೋಡತೀನಿ.

ಹೊರಗ ಬಂದಮ್ಯಾಲೆ ಕಯಾಕ್ ಕೈ ಬಿಡಬ್ಯಾಡ್ರಿ. ನೀರಿನಾಗ ಮನುಷ್ಯಾನ ತಲಿ ಕಾಣೂದು ಕಷ್ಟ, ಕಯಾಕ್ ದೂರಿಂದ ಕಾಣತೈತಿ. ಇನ್ನೊಬ್ಬರು ಬಂದು ನಿಮ್ಮ ಕಯಾಕಿನ ಮೂತಿ ತಮ್ಮ ಕಯಾಕಿನ ಮ್ಯಾಲೆ ಎಳಕೊಂಡು, ಅಡ್ಡ ಹಿಡದು ನೀರು ಸುರಿಸಿ, ನೆಟ್ಟಗ ಮಾಡಿ ಪಕ್ಕಕ್ಕ ತಂದು ಗಟ್ಟಿ ತಬ್ಬಿ ಹಿಡೀತಾರ. ನೀವು ಹಿಂದಿನ ತುದಿಯಿಂದ ಹೊಟ್ಟಿ ಮ್ಯಾಲೆ ಏರಿ ಒಳಗ ತಿರುಗತೀರಿ. ರೂಢಿ ಆದವ್ರಿಗೆ ಒಂದೆರಡು ನಿಮಿಷದ ಕೆಲಸ. ಮೊದಲ ಸಲ ಎಲ್ಲಾರೂ ಒದ್ದಾಡತಾರ, ದಂಡ್ಯಾಗ ನಿಂತವ್ರು ನಗತಾರ, ಇರಲಿ.

ಹಿಂದವಾಡಿಯಿಂದ: ರಿಸಾರ್ಟಿನವ್ರು ಅರ್ಧ ತಾಸಿಗೆ ಕಯಾಕ್ ಅಗ್ಗ ಕೊಡತಾರ, ನೀವು ಎರಡು ದಿನಕ್ಕ ಅಷ್ಟು ತಗೋತೀರಿ?

ಗೈಡ್: ಅದು ಬಾಡಿಗಿ, ಇದು ಪಾಠ. ಬರೇ ಫೋಟೊ ಬೇಕಿದ್ರ ಬಾಡಿಗೀನ ಚೊಲೊ, ರೊಕ್ಕ ಉಳೀತೈತಿ. ಕಲೀಬೇಕಂದ್ರ, ಯಾರ ಕಡೆ ಹೋದ್ರೂ ಮೊದಲ ಅವರ ಮೈಮ್ಯಾಲೆ ಏನೈತಿ ನೋಡ್ರಿ. ಗೈಡ್ ತಾನೇ ಲೈಫ್ ಜಾಕೆಟ್ ಹಾಕ್ಕೊಂಡಾನೋ? ಎಳೆಯೋ ಹಗ್ಗ, ಹೆಚ್ಚಿನ ಪ್ಯಾಡಲ್, ನೀರು ಹೊರಗ ಹಾಕೋ ಕೈಪಂಪು ಅವನ ಕಯಾಕಿನಾಗ ಅದಾವೋ? ಸರ್ಟಿಫಿಕೇಟ್ ಕೇಳ್ರಿ, ಸಿಟ್ಟಾಗಬಾರದು. ಅಮೆರಿಕನ್ ಕೆನೂ ಅಸೋಸಿಯೇಷನ್ನಿನ ಕಯಾಕ್ ತರಬೇತಿ, ಗೋವಾದ ರಾಷ್ಟ್ರೀಯ ಜಲಕ್ರೀಡಾ ಸಂಸ್ಥೆಯ ಜೀವರಕ್ಷಕ ತರಬೇತಿ, ಇಂಥಾವು. ಕಡೀಕ ಒಂದು ಪ್ರಶ್ನೆ: ‘ಹವಾ ಕೆಟ್ರ ರೊಕ್ಕ ವಾಪಸ್ ಏನು?’ ಇದಕ್ಕ ತಡವರಿಸೋರು ಕೆಟ್ಟ ಹವಾದಾಗೂ ಇಳಿಸತಾರ.

ವಿಜಯಪುರದಿಂದ: ನಮಸ್ಕಾರ್ರೀ ಸರ್. ಕಾಲೇಜಿನ ಹುಡಿಗ್ಯಾರ್ನ ಮೇ ಸೂಟಿಯೊಳಗ ಕರಕೊಂಡು ಬರೋ ವಿಚಾರ ಅದ. ಆವಾಗ ಮಳಿ ಇರೂದಿಲ್ಲಲ್ರೀ?

ಗೈಡ್: ಮೇಡಂ, ನವೆಂಬರಿನಿಂದ ಫೆಬ್ರವರಿ ಒಳಗ ಮಾಡ್ರಿ. ಮೇದಾಗ ಮಳಿ ಇಲ್ಲದಿದ್ರೂ ದಕ್ಷಿಣದ ದೂರದ ಮಹಾಸಾಗರದಾಗ ಎದ್ದ ಬಿರುಗಾಳಿಯ ಅಲೆ ಇಲ್ಲಿ ಮಟ ಬರತಾವ. ಆರು ಸೆಕೆಂಡಿಗೊಂದು ಬರೋ ಒಂದು ಮೀಟರ್ ಅಲೆಗೂ, ಹದಿನೈದು ಸೆಕೆಂಡಿಗೊಂದು ಬರೋ ಒಂದು ಮೀಟರ್ ಅಲೆಗೂ ಅಜಗಜಾಂತರ. ಎರಡನೇದ್ದು ನಡು ಸಮುದ್ರದಾಗ ಗೊತ್ತೇ ಆಗೂದಿಲ್ಲ, ದಂಡಿಗೆ ಬಂದು ಎತ್ತರಾಗಿ ಮುರೀತೈತಿ. ಸಮುದ್ರದ ಮಾಹಿತಿ ಕೊಡೋ ಹೈದರಾಬಾದಿನ ಸರ್ಕಾರಿ ಸಂಸ್ಥೆ ಇನ್‌ಕಾಯಿಸ್ ಅಲೆ ಮುನ್ಸೂಚನೆ ಕೊಡತೈತಿ. ಎತ್ತರದ ಜೋಡಿ ಆ ಸೆಕೆಂಡಿನ ಅಂಕಿನೂ ನೋಡ್ರಿ. ಮ್ಯಾಲೆ ಮೇದಾಗ ಸಂಜಿ ಗುಡುಗು-ಸಿಡಿಲು. ಜೂನ್ 1ರಿಂದ ಜುಲೈ 31ರ ಮಟ ನಮ್ಮ ಕರಾವಳಿಯಾಗ ಯಂತ್ರದ ದೋಣಿಗಳ ಮೀನುಗಾರಿಕೆನೇ ಬಂದ್ ಇರತೈತಿ, ಆವಾಗಂತೂ ಕೇಳಬ್ಯಾಡ್ರಿ.

ಹುಡಿಗ್ಯಾರಿಗೆ ತುಂಬುತೋಳಿನ ಟೀ ಶರ್ಟ್, ಲೆಗ್ಗಿಂಗ್ಸ್ ಸಾಕು. ಓಢಣಿ, ಜೀನ್ಸ್ ಬ್ಯಾಡ. ಹೆಣ್ಣು ಗೈಡ್ ಮತ್ತ ಬಟ್ಟಿ ಬದಲಿಸೋ ಖೋಲಿ ಮೊದಲ ಖಾತ್ರಿ ಮಾಡಿಕೊಳ್ರಿ. ನೀರು ತಲಿಗೆ ಎರಡು ಲೀಟರ್, ಶೇಂಗಾ ಉಂಡಿ ಇದ್ರ ಇನ್ನೂ ಚೊಲೊ.

ಬಾಗಲಕೋಟಿ ನವನಗರದಿಂದ: ಅಷ್ಟು ದೂರ ಯಾಕ್ರಿ? ಆಲಮಟ್ಟಿ ಹಿನ್ನೀರು ನಮ್ಮ ಹಿತ್ತಲದಾಗ ಐತಿ. ಅಲ್ಲೇ ರೂಢಿ ಮಾಡಿದ್ರ?

ಗೈಡ್: ಕೃಷ್ಣಾದಾಗ ಮೊಸಳಿ ಅದಾವ ಅನ್ನೋದು ನಿಮಗ ನಾನು ಹೇಳಬೇಕೇನ್ರಿ? ಮುಳುಗಿದ ಗಿಡ, ಮೀನಿನ ಬಲಿ ಬ್ಯಾರೆ. ಜಲಾಶಯದ ನೀರಿಗೆ ಅನುಮತಿ ಇಲ್ಲದ ಇಳಿಯಾಕ ಬರೂದೂ ಇಲ್ಲ. ಹಿಡಕಲ್, ನವಿಲುತೀರ್ಥಕ್ಕೂ ಇದೇ ಮಾತು. ಮಗಚಿ ಹೊರಗ ಬರೋ ರೂಢಿಗೆ ಈಜುಕೊಳ ಸಾಕು, ಮ್ಯಾನೇಜರನ್ನ ಒಪ್ಪಿಸ್ರಿ.

ನಿಮ್ಮ ಹಿತ್ತಲದಾಗ ಖರೇ ಬಂಗಾರ ಇರೂದು ಬಾದಾಮಿಯೊಳಗ. ಅಲ್ಲಿ ಕೆಂಪು ಮರಳುಗಲ್ಲು ಹತ್ತಾಕ ದೇಶದ ಎಲ್ಲಾ ಕಡಿಂದ ಮಂದಿ ಬರತಾರ. ಜನರಲ್ ತಿಮ್ಮಯ್ಯ ಸಾಹಸ ಅಕಾಡೆಮಿಯ ಶಿಲಾರೋಹಣ ತರಬೇತಿನೂ ಅಲ್ಲಿ ನಡೀತೈತಿ. ಗುಂಪಿನಾಗ ನೀರಿಗೆ ಅಂಜೋರು ಇದ್ರ ಅವರನ್ನ ಅಲ್ಲಿಗೆ ಕಳಸ್ರಿ. ಮಳಿ ಬಂದ ಮರುದಿನ ಮಾತ್ರ ಬ್ಯಾಡ, ಹಸಿ ಮರಳುಗಲ್ಲಿನ ಹಿಡಿ ಕಿತ್ತು ಕೈಗೆ ಬರತೈತಿ.

ಶಹಾಪುರದಿಂದ: ಅಮೆರಿಕಾದಾಗಿನ ತಮ್ಮ ಸ್ಯಾಟಲೈಟ್ ಮೆಸೇಜ್ ಕಳಸೋ ಡಬ್ಬಿ ಕೊಟ್ಟಾನ್ರಿ, ತರಲೇನು?

ಗೈಡ್: ಮನ್ಯಾಗ ಇಡ್ರಿ. ನಮ್ಮ ದೇಶದಾಗ ಅಂಥಾದ್ದಕ್ಕ ಪರವಾನಗಿ ಬೇಕು. ಅದರಾಗ ಕಾರವಾರದಾಗ ಐಎನ್‌ಎಸ್ ಕದಂಬ ನೌಕಾನೆಲೆ ಐತಿ. ಆ ಕಡೆ ನೀರೂ ನಿಷಿದ್ಧ, ಅಂಜದೀವ್ ದ್ವೀಪಾನೂ ನೌಕಾದಳದ್ದು. ಸಾದಾ ಮೊಬೈಲ್ ನೀರು ಹೋಗದ ಚೀಲದಾಗ ಹಾಕಿ ಜಾಕೆಟಿಗೆ ಕಟಗೊಳ್ರಿ. ಕೋಸ್ಟ್ ಗಾರ್ಡ್ ನಂಬರ್ 1554, ಸೇವ್ ಮಾಡ್ರಿ.

ಅನಗೋಳದಿಂದ: ಶನಿವಾರ ರಾತ್ರಿ ಹಂಗ ಗೋವಾಕ್ಕ ಹೋಗಿ ಸ್ವಲ್ಪ ಪಾರ್ಟಿ…

ಗೈಡ್: ಹೋಗ್ರಿ. ರವಿವಾರ ಮುಂಜಾನೆ ವಾಸನಿ ಬಂದ್ರ ದಂಡ್ಯಾಗ ಕುಂದರಿಸತೀನಿ, ರೊಕ್ಕಾನೂ ವಾಪಸ್ ಇಲ್ಲ.

ಟಿಳಕವಾಡಿಯಿಂದ: ಚಸ್ಮಾ ಇದ್ದವ್ರು? ಮತ್ತ ಗಾಡಿ ಕೀಲಿ ಎಲ್ಲಿ ಇಡೂದು?

ಗೈಡ್: ಚಸ್ಮಾಕ್ಕ ಹಿಂದಿಂದ ದಾರ ಕಟ್ರಿ. ರಿಮೋಟಿನ ಕೀಲಿ ಉಪ್ಪುನೀರು ಕುಡದ್ರ ಮುಗೀತು, ದಂಡ್ಯಾಗ ಉಳಿಯೋರ ಕಡೆ ಕೊಟ್ಟು ಬರ್ರಿ. ಸಮುದ್ರದಾಗ ಬಿದ್ದ ಕೀಲಿ ಹುಡುಕೋ ಪಾಠ ನನ್ನ ಕೋರ್ಸಿನಾಗ ಇಲ್ಲ.