ಡೆಬಿಯನ್ 11ಕ್ಕೆ ಏರಿಸುವ ಮೊದಲು: ಮೂರು ಡಿಸ್ಕ್‌ನ ರೇಡ್0 ಹೊಸ ಕರ್ನಲ್‌ನಲ್ಲಿ ಏಳುವುದಿಲ್ಲ

ಬದಿಯಡ್ಕ_ಪ್ರೆಸ್:
ನಮಸ್ಕಾರ. ಮುದ್ರಣಾಲಯದ ಸರ್ವರ್, ಡೆಬಿಯನ್ 10 ಲಿನಕ್ಸ್, ಕರ್ನಲ್ (ಓಎಸ್‌ನ ತಿರುಳು) 4.19.67. ಓಎಸ್ ಬೇರೆ ಎಸ್‌ಎಸ್‌ಡಿಯಲ್ಲಿ ಉಂಟು. ಸ್ಕ್ಯಾನ್ ಮಾಡಿದ ಹಳೆಯ ಕನ್ನಡ ಪತ್ರಿಕೆಗಳೆಲ್ಲ ಎಂಡಿ0 ಎಂಬ ಅರೇ ಮೇಲೆ: 1 ಟಿಬಿಯದ್ದು ಒಂದು, 2 ಟಿಬಿಯದ್ದು ಎರಡು, ಒಟ್ಟು 5 ಟಿಬಿಯ ರೇಡ್0 (ಡೇಟಾವನ್ನು ಹಲವು ಡಿಸ್ಕ್‌ಗಳಿಗೆ ಹಂಚಿ ಒಂದೇ ದೊಡ್ಡ ಡಿಸ್ಕ್‌ನಂತೆ ಬಳಸುವ ಜೋಡಣೆ). ಚಂಕ್ (ಒಂದು ಡಿಸ್ಕ್‌ಗೆ ಒಮ್ಮೆಗೆ ಹೋಗುವ ತುಂಡು) 512ಕೆ, ಫೈಲ್‌ಸಿಸ್ಟಮ್ ಇಎಕ್ಸ್‌ಟಿ4, 3.6 ಟಿಬಿ ತುಂಬಿದೆ. ಪರೀಕ್ಷೆಗೆಂದು ಬ್ಯಾಕ್‌ಪೋರ್ಟ್ಸ್‌ನ 5.10 ಕರ್ನಲ್ ಹಾಕಿ ಬೂಟ್ ಮಾಡಿದರೆ ಎಮರ್ಜೆನ್ಸಿ ಮೋಡ್‌ಗೆ ಬಿತ್ತು. ಲಾಗ್‌ನಲ್ಲಿ "ಕೆನಾಟ್ ಅಸೆಂಬಲ್ ಮಲ್ಟಿ-ಝೋನ್ ರೇಡ್0" (ಹಲವು ವಲಯಗಳ ರೇಡ್0 ಜೋಡಿಸಲಾಗದು) ಅಂತ ಬರುತ್ತದೆ. ಹಳೆಯ ಕರ್ನಲ್‌ಗೆ ಮರಳಿದರೆ ಎಲ್ಲ ಸರಿ. ಇನ್ನೊಂದು, ಇದೇ ಅರೇಯ ಎಸ್‌ಡಿಸಿ ಡಿಸ್ಕ್‌ನ ಸ್ಮಾರ್ಟ್ (ಡಿಸ್ಕ್‌ನ ಆರೋಗ್ಯದ) ವರದಿಯಲ್ಲಿ 197ರ ಎದುರು 8, 199ರ ಎದುರು 41 ಉಂಟು. ಎಂಡಿಎಡಿಎಂ (ಅರೇ ನಿಭಾಯಿಸುವ ಆದೇಶ) --ಕ್ರಿಯೇಟ್ ಕೊಟ್ಟು ಅರೇಯನ್ನು ಮತ್ತೆ ಕಟ್ಟಬಹುದಾ?

ಪಯಸ್ವಿನಿ_ತೀರ:
--ಕ್ರಿಯೇಟ್ ಮುಟ್ಟಲೇಬೇಡಿ ಮಾರಾಯ್ರೇ. ಡಿಸ್ಕ್‌ಗಳ ಕ್ರಮ, ಚಂಕ್, ಡೇಟಾ ಆಫ್‌ಸೆಟ್ (ಡೇಟಾ ಶುರುವಾಗುವ ಜಾಗ) ಇವುಗಳಲ್ಲಿ ಒಂದು ತಪ್ಪಿದರೂ ಡೇಟಾ ಹೋಯಿತು.

ನಿಮ್ಮ ಅರೇ ಹಾಳಾಗಿಲ್ಲ, ಕರ್ನಲ್ ಬೇಕೆಂದೇ ತಡೆಯುತ್ತಿದೆ. ಡಿಸ್ಕ್‌ಗಳ ಗಾತ್ರ ಬೇರೆ ಬೇರೆಯಾದಾಗ ರೇಡ್0 ಎರಡು ವಲಯ ಮಾಡಿಕೊಳ್ಳುತ್ತದೆ. ನಿಮ್ಮಲ್ಲಿ ಮೊದಲ 3 ಟಿಬಿ ಮೂರೂ ಡಿಸ್ಕ್‌ಗಳಲ್ಲಿ, ಉಳಿದ 2 ಟಿಬಿ ದೊಡ್ಡ ಎರಡರಲ್ಲಿ ಮಾತ್ರ. ಎರಡನೇ ವಲಯದ ಚಂಕ್ ಯಾವ ಡಿಸ್ಕ್‌ಗೆ ಹೋಗಬೇಕೆಂಬ ಲೆಕ್ಕ 3.14 ಕರ್ನಲ್‌ನಲ್ಲಿ ಯಾರಿಗೂ ತಿಳಿಯದಂತೆ ಬದಲಾಯಿತು. ಯಾವ ಲೆಕ್ಕದಲ್ಲಿ (ಲೇಔಟ್) ಬರೆದದ್ದು ಎಂಬುದು ಅರೇಯ ವಿವರ ಇರುವ ಸೂಪರ್‌ಬ್ಲಾಕ್‌ನಲ್ಲಿ ಇಲ್ಲ. ಹಾಗಾಗಿ ಈಗಿನ ಕರ್ನಲ್‌ಗಳು ನೀವೇ ಹೇಳುವ ತನಕ ಅರೇ ಎಬ್ಬಿಸುವುದಿಲ್ಲ. ಎರಡೇ ಡಿಸ್ಕ್ ಇದ್ದಿದ್ದರೆ ಈ ತಕರಾರೇ ಬರುತ್ತಿರಲಿಲ್ಲ, ಎರಡನೇ ವಲಯದಲ್ಲಿ ಒಂದೇ ಡಿಸ್ಕ್ ಉಳಿಯುತ್ತದಲ್ಲ.

ಅರೇ ಕಟ್ಟಿದ್ದು ಯಾವ ಕರ್ನಲ್‌ನಲ್ಲಿ? ಆಗಲೇ ಓಎಸ್ ಕೂಡ ಹಾಕಿದ್ದಾದರೆ /ವಾರ್/ಲಾಗ್/ಇನ್‌ಸ್ಟಾಲರ್/ಸಿಸ್‌ಲಾಗ್‌ನಲ್ಲಿ ಸಿಗುತ್ತದೆ. ಎಂಡಿಎಡಿಎಂ --ಡಿಟೈಲ್ ತೋರಿಸುವ ಕ್ರಿಯೇಷನ್ ಟೈಮ್ ಜೊತೆ ತಾಳೆ ನೋಡಿ.

ಕುಂಬಳೆ_ಅಡ್ಮಿನ್:
ಅದಕ್ಕಿಂತ ಮೊದಲು ಎಸ್‌ಡಿಸಿ ನೋಡಿ. 197 ಎಂದರೆ ಓದಲು ಬಾರದೆ ಬಾಕಿ ಉಳಿದ ಸೆಕ್ಟರ್. 8 ಎಂದರೆ ಹೆಚ್ಚಾಗಿ 4ಕೆಯ ಒಂದು ಭೌತಿಕ ಸೆಕ್ಟರ್. ರೇಡ್0ದಲ್ಲಿ ಮರುನಿರ್ಮಾಣ ಎಂಬುದೇ ಇಲ್ಲ, ಒಂದು ಡಿಸ್ಕ್ ಹೋದರೆ ಮೂರೂ ಹೋದಂತೆ. 199 ಹೆಚ್ಚಾಗಿ ಸಾಟಾ ಕೇಬಲ್‌ನ ದೋಷ. ಕೇಬಲ್ ಬದಲಿಸಿದರೂ ಆ ಅಂಕೆ ಇಳಿಯದು, ಮುಂದೆ ಏರುತ್ತದಾ ಎಂದಷ್ಟೇ ನೋಡಬೇಕು.

ಹಳೆಯ ಕರ್ನಲ್‌ನಲ್ಲೇ ಆರ್‌ಸಿಂಕ್‌ನಿಂದ ಪೂರ್ತಿ ಬ್ಯಾಕಪ್ ತೆಗೆಯಿರಿ. ಸೆಕೆಂಡಿಗೆ 100 ಎಂಬಿ ಸಿಕ್ಕಿದರೆ 3.6 ಟಿಬಿಗೆ 10 ಗಂಟೆ. ಯಾವ ಫೈಲ್ ಓದಲಾಗಲಿಲ್ಲ ಎಂಬುದನ್ನು ಅದೇ ಹೇಳುತ್ತದೆ. ಎಲ್ಲ ಫೈಲ್‌ಗಳ ಎಸ್‌ಎಚ್‌ಎ256 ಮೊತ್ತವನ್ನೂ (ಫೈಲ್ ಬದಲಾಗಿದೆಯಾ ಎಂದು ತಿಳಿಸುವ ಗುರುತು) ಬರೆದಿಟ್ಟುಕೊಳ್ಳಿ, ಆಮೇಲೆ ಬೇಕಾಗುತ್ತದೆ. ನಂತರ ಅನ್‌ಮೌಂಟ್ ಮಾಡಿ, ಅರೇ ನಿಲ್ಲಿಸಿ, ಅಷ್ಟೇ ಸೆಕ್ಟರ್ ಇರುವ ಹೊಸ ಡಿಸ್ಕ್‌ಗೆ ಎಸ್‌ಡಿಸಿಯನ್ನು ಡಿಡಿರೆಸ್ಕ್ಯೂನಿಂದ (ಕೆಟ್ಟ ಡಿಸ್ಕ್ ನಕಲಿಸುವ ಆದೇಶ) ನಕಲಿಸಿ: ಮೊದಲ ಸುತ್ತು -ಎಫ್ -ಎನ್, ಎರಡನೆಯದು -ಎಫ್ -ಡಿ -ಆರ್3. ಎಲ್ಲಿ ಓದಿತು, ಎಲ್ಲಿ ಆಗಲಿಲ್ಲ ಎಂದು ದಾಖಲಿಸುವ ಮ್ಯಾಪ್ ಫೈಲ್ ಎಸ್‌ಎಸ್‌ಡಿಯಲ್ಲಿರಲಿ. ಮುಗಿದ ಕೂಡಲೇ ಹಳೆಯ ಎಸ್‌ಡಿಸಿಯನ್ನು ಕಳಚಿ ಹೊರಗಿಡಿ. ಒಂದೇ ಯುಯುಐಡಿಯ (ಗುರುತು ಸಂಖ್ಯೆ) ಎರಡು ಡಿಸ್ಕ್ ಕಂಡರೆ ಅರೇ ಯಾವುದನ್ನು ಎತ್ತಿಕೊಳ್ಳುತ್ತದೆಂದು ಹೇಳಲಾಗದು. ಈ ಮಳೆಗಾಲದಲ್ಲಿ ಯುಪಿಎಸ್ ಬ್ಯಾಟರಿ ಪರೀಕ್ಷಿಸದೆ ಶುರು ಮಾಡಬೇಡಿ.

ಬದಿಯಡ್ಕ_ಪ್ರೆಸ್:
ಬ್ಯಾಕಪ್ ಆಯಿತು, ಒಂದು ಟಿಫ್ ಫೈಲ್ ಮಾತ್ರ ಓದಲಾಗಲಿಲ್ಲ, ಅದರ ಮೂಲ ಪುಟ ಇದೆ, ಮತ್ತೆ ಸ್ಕ್ಯಾನ್ ಮಾಡಬಹುದು. ಡಿಸ್ಕ್ ಬದಲಾಯಿತು. ಹೊಸ ಕೇಬಲ್ ಕೂಡ ಹಾಕಿದ್ದೇವೆ. ಇನ್‌ಸ್ಟಾಲರ್ ಲಾಗ್‌ನಲ್ಲಿ ಡೆಬಿಯನ್ 8, ಕರ್ನಲ್ 3.16. ಅರೇಯ ದಿನಾಂಕವೂ ಅದೇ.

ಪಯಸ್ವಿನಿ_ತೀರ:
3.16 ಆದರೆ ಕರ್ನಲ್‌ಗೆ ಹೇಳಬೇಕಾದ ಲೇಔಟ್ ಸಂಖ್ಯೆ 2. 3.14ಕ್ಕಿಂತ ಹಿಂದಿನದಾಗಿದ್ದರೆ 1 ಹಾಕಬೇಕಿತ್ತು.

ಬೂಟ್ ಲೋಡರ್‌ನ ಸೆಟ್ಟಿಂಗ್ ಇರುವ /ಇಟಿಸಿ/ಡಿಫಾಲ್ಟ್/ಗ್ರಬ್‌ನ ಕರ್ನಲ್ ಸಾಲಿಗೆ ರೇಡ್0.ಡಿಫಾಲ್ಟ್_ಲೇಔಟ್=2 ಸೇರಿಸಿ ಅಪ್‌ಡೇಟ್-ಗ್ರಬ್ ಓಡಿಸಿ. ಎಫ್‌ಎಸ್‌ಟ್ಯಾಬ್‌ನಲ್ಲಿ (ಮೌಂಟ್ ಮಾಡುವವುಗಳ ಪಟ್ಟಿ) ಎಂಡಿ0 ಸಾಲಿಗೆ ಸದ್ಯಕ್ಕೆ ನೋಆಟೋ ಹಾಕಿ, ಕೊನೆಯ ಅಂಕೆ 0 ಮಾಡಿ, ಬೂಟ್‌ನಲ್ಲಿ ತಾನಾಗಿ ಮೌಂಟ್ ಅಥವಾ ಎಫ್‌ಎಸ್‌ಸಿಕೆ (ಫೈಲ್‌ಸಿಸ್ಟಮ್ ತಪಾಸಣೆ, ದುರಸ್ತಿ) ಆಗಬಾರದು. ಆಮೇಲೆ 5.10ರಲ್ಲಿ ಬೂಟ್ ಮಾಡಿ, ಎಂಡಿಎಡಿಎಂ --ರೀಡ್‌ಓನ್ಲಿ ಕೊಟ್ಟು, ಆರ್‌ಓ,ನೋಲೋಡ್ (ಏನೂ ಬರೆಯದೆ ಓದಲು ಮಾತ್ರ) ಆಯ್ಕೆಯಲ್ಲಿ ಮೌಂಟ್ ಮಾಡಿ ಎಸ್‌ಎಚ್‌ಎ ಮೊತ್ತಗಳನ್ನು ಹೋಲಿಸಿ. ಮೌಂಟ್ ಆಯಿತೆಂದು ನಂಬಬೇಡಿ: ಲೇಔಟ್ ತಪ್ಪಿದ್ದರೂ ಮೊದಲ 3 ಟಿಬಿ ಸರಿಯಾಗಿಯೇ ಕಾಣುತ್ತದೆ, ಕೆಡುವುದು ಅದರ ಆಚೆಗಿನ ಫೈಲ್‌ಗಳು. ಹೋಲಿಕೆ ಮುಗಿಯುವ ತನಕ ಎಫ್‌ಎಸ್‌ಸಿಕೆ ಬೇಡವೇ ಬೇಡ, ತಪ್ಪು ಲೇಔಟ್‌ನಲ್ಲಿ ಅದು "ಸರಿಪಡಿಸಿದ್ದು" ಮತ್ತೆ ಬಾರದು.

ಆ ಒಂದು ಟಿಫ್ ಬಿಟ್ಟು ಎಲ್ಲ ಹೊಂದಿದರೆ ನೋಆಟೋ ತೆಗೆದು ನೋಫೇಲ್ (ಅರೇ ಸಿಗದಿದ್ದರೂ ಬೂಟ್ ನಿಲ್ಲದಿರಲು) ಹಾಕಿ, 10ರ ಕೊನೆಯ ಅಪ್‌ಡೇಟ್‌ಗಳನ್ನು ಮುಗಿಸಿ, ನಂತರ 11. ಅದರ ಎಂಡಿಎಡಿಎಂ 4.1, ಆದ್ದರಿಂದ ಗ್ರಬ್ ಸಾಲು ಹಾಗೆಯೇ ಇರಲಿ. 12ರಲ್ಲಿ 4.2 ಬರುತ್ತದೆ, ಆಗ ಅಸೆಂಬಲ್ ಮಾಡುವಾಗ --ಅಪ್‌ಡೇಟ್=ಲೇಔಟ್-ಆಲ್ಟರ್ನೇಟ್ ಕೊಟ್ಟರೆ ಲೇಔಟ್ ಸೂಪರ್‌ಬ್ಲಾಕ್‌ನಲ್ಲೇ ದಾಖಲಾಗುತ್ತದೆ, ಗ್ರಬ್ ಸಾಲು ತೆಗೆಯಬಹುದು.