ಕಣ್ಣಿನ ಡಾಕ್ಟರಿಗೆ ಕೇಳಿ: ಭಾನುವಾರದ ಪ್ರಶ್ನೋತ್ತರ

ತುಮಕೂರು ಅಮ್ಮ: ಡಾಕ್ಟ್ರೇ, ಮಗಳಿಗೆ 9 ವರ್ಷ. ಹೋದ ವರ್ಷ ಮೈನಸ್ 1.5 ಇತ್ತು, ಈಗ 2.5. ಕನ್ನಡಕ ಹಾಕಿದ್ದಕ್ಕೇ ನಂಬರ್ ಏರಿತು ಅಂತಾರೆ ನಮ್ಮತ್ತೆ. ಬಿಡಿಸಲಾ?

ಡಾಕ್ಟರ್: ಬಿಡಿಸಬೇಡಿ ತಾಯಿ. ಕಣ್ಣುಗುಡ್ಡೆ ಉದ್ದ ಬೆಳೆದಂತೆ ನಂಬರ್ ಏರುತ್ತದೆ. ಕನ್ನಡಕದಿಂದ ಅಲ್ಲ. ದಿನಾ ಎರಡು ಗಂಟೆ ಬಯಲಲ್ಲಿ ಆಡಲಿ. ವರ್ಷಕ್ಕೆ 1 ಏರಿದ್ದು ಜಾಸ್ತಿಯೇ. ನಂಬರ್ ಏರುವುದನ್ನು ನಿಧಾನಿಸುವ ಕಡಿಮೆ ಪ್ರಮಾಣದ ಅಟ್ರೋಪಿನ್ ಹನಿ ಬೇಕಾ ಅಂತ ನಿಮ್ಮ ಕಣ್ಣಿನ ಡಾಕ್ಟರನ್ನು ಕೇಳಿ.

ಸಾಗರದ ತೋಟ: ಸರ್, ನನಗೆ 34. ಮೈನಸ್ 8 ಇತ್ತು. 6 ವರ್ಷದ ಹಿಂದೆ ಲೇಸಿಕ್ ಮಾಡಿಸಿದೆ, ಈಗ ನಂಬರ್ ಇಲ್ಲ. ನಿನ್ನೆಯಿಂದ ಬಲಗಣ್ಣಿನ ಅಂಚಲ್ಲಿ ಮಿಂಚು ಹೊಡೆದಂತೆ ಆಗುತ್ತಿದೆ. ಕಪ್ಪು ಚುಕ್ಕೆಗಳು ಸೊಳ್ಳೆಯಂತೆ ಓಡಾಡುತ್ತವೆ. ನೋವಿಲ್ಲ. ಅಡಿಕೆ ಕೊನೆಕೊಯ್ಲು ನಡೀತಿದೆ. ಮುಂದಿನ ವಾರ ತೋರಿಸಿದರೆ ಆಗುತ್ತಾ?

ಡಾಕ್ಟರ್: ಆಗಲ್ಲ. ಇವತ್ತೇ ಹೊರಡಿ. ನೋವಿಲ್ಲ ಅಂತ ಧೈರ್ಯ ತಂದುಕೊಳ್ಳಬೇಡಿ, ಈ ತೊಂದರೆಗೆ ನೋವೇ ಇರುವುದಿಲ್ಲ. ಲೇಸಿಕ್‌ನಲ್ಲಿ ಕಣ್ಣಿನ ಮುಂದಿನ ಕಾರ್ನಿಯಾವನ್ನು ಮಾತ್ರ ತಿದ್ದುತ್ತಾರೆ. ಹಿಂದೆ ಉದ್ದವಾಗಿ ಎಳೆದುಕೊಂಡ ಕಣ್ಣು ಹಾಗೇ ಉಳಿಯುತ್ತದೆ. ಸಾಮಾನ್ಯ ಕಣ್ಣು ಸುಮಾರು 24 ಮಿಲಿಮೀಟರ್ ಉದ್ದ. ನಿಮ್ಮದು ಅದಕ್ಕಿಂತ ಎರಡು ಮೂರು ಮಿಲಿಮೀಟರ್ ಜಾಸ್ತಿ ಇರಬಹುದು. ಒಳಗಿನ ರೆಟಿನಾ ಪರದೆ ಅಷ್ಟು ತೆಳ್ಳಗಾಗಿರುತ್ತದೆ. ಅದು ಹರಿದಾಗ ಹೀಗೇ ಮಿಂಚು, ಚುಕ್ಕೆ ಕಾಣುತ್ತವೆ. ಬರೀ ಹರಿದಿದ್ದರೆ ಸುತ್ತ ಲೇಸರ್ ಹಾಕಿ ಅದೇ ದಿನ ಮನೆಗೆ ಕಳಿಸುತ್ತಾರೆ. ಸೀಳಿನೊಳಗೆ ನೀರು ನುಗ್ಗಿ ಪರದೆ ಕಳಚಿದರೆ ದೊಡ್ಡ ಆಪರೇಷನ್ನೇ. ನಡುಭಾಗವೂ ಕಳಚಿದರೆ ಪೂರ್ತಿ ದೃಷ್ಟಿ ಮರಳುವ ಖಾತ್ರಿ ಇಲ್ಲ. ಪಕ್ಕದಿಂದ ತೆರೆ ಇಳಿದಂತೆ ಕತ್ತಲು ಕಾಣುತ್ತಿದೆಯಾ? ಬೈಕ್ ಬೇಡ. ಪಾಪೆ ಅಗಲಿಸುವ ಹನಿ ಹಾಕುತ್ತಾರೆ, ವಾಪಸ್ ಓಡಿಸಲಾಗದು. ಜೊತೆಗೆ ಯಾರನ್ನಾದರೂ ಕರೆದುಕೊಳ್ಳಿ. ಭಾನುವಾರ ಅಂತ ನಿಲ್ಲಬೇಡಿ, ಶಿವಮೊಗ್ಗದಲ್ಲಿ ರೆಟಿನಾ ನೋಡುವವರಿಗೆ ಮೊದಲು ಫೋನ್ ಮಾಡಿ.

ಹುಬ್ಳಿ ಹುಡುಗ: ವ್ಯಾಯಾಮದಿಂದ ಮೈನಸ್ ಹೋಗುತ್ತಾ ಸರ್?

ಡಾಕ್ಟರ್: ಇಲ್ಲ.

ಹಾಸನ ಅಣ್ಣ: ಫಾರ್ವರ್ಡ್ ಬಂದಿದೆ. ಈರುಳ್ಳಿ ರಸ, ಜೇನು ಬೆರೆಸಿ ಕಣ್ಣಿಗೆ ಬಿಟ್ಟರೆ 7 ದಿನದಲ್ಲಿ ಕನ್ನಡಕ ಬೇಡವಂತೆ.

ಡಾಕ್ಟರ್: ಯಾರೂ ಬಿಡಬೇಡಿ. ಇಂಥದ್ದು ಹಾಕಿಕೊಂಡು ಕಾರ್ನಿಯಾ ಹುಣ್ಣಾಗಿ ಬಂದವರನ್ನು ನೋಡಿದ್ದೇನೆ. ಹುಣ್ಣು ಮಾಗಿದ ಮೇಲೆ ಬಿಳಿ ಕಲೆ ಉಳಿಯುತ್ತದೆ. ಮೆಸೇಜ್ ಅಳಿಸಿ ಅಣ್ಣ.

ಮೈಸೂರು ಮೇಷ್ಟ್ರು: ಎಲ್ಲವನ್ನೂ ಬೈಯಬೇಡಿ. ನಮ್ಮಜ್ಜಿ ನಂದಿಬಟ್ಟಲ ರಸ ಹಾಕಿಕೊಂಡೇ 78ನೇ ವಯಸ್ಸಲ್ಲಿ ಕನ್ನಡಕವಿಲ್ಲದೆ ಸೂಜಿಗೆ ದಾರ ಪೋಣಿಸುತ್ತಿದ್ದರು.

ತುಮಕೂರು ಅಮ್ಮ: ನಿಮ್ಮಜ್ಜಿ ಕಥೆ ನಂಬಿ ನಾನು ಮಗುವಿನ ಕಣ್ಣಿಗೆ ಹೂವಿನ ರಸ ಹಿಂಡಬೇಕಾ ಮೇಷ್ಟ್ರೇ?

ಮೈಸೂರು ಮೇಷ್ಟ್ರು: ಹಿಂಡಿ ಅಂದೆನಾ? ಸರಿಯಾಗಿ ಓದಿ ಮಾತಾಡಿ.

ಹಾಸನ ಅಣ್ಣ: ಇಂಗ್ಲಿಷ್ ಔಷಧಿಯವರಿಗೆ ನಮ್ಮದೆಲ್ಲಾ ತಪ್ಪೇ.

ಡಾಕ್ಟರ್: ಮೇಷ್ಟ್ರೇ, ಅಜ್ಜಿಗೆ ಮೊದಲಿಂದ ಸ್ವಲ್ಪ ಮೈನಸ್ ಇದ್ದಿರಬಹುದು. ಪೊರೆ ಬೆಳೆಯುವಾಗಲೂ ಕೆಲವರಿಗೆ ಹತ್ತಿರದ್ದು ಮತ್ತೆ ಕಾಣತೊಡಗುತ್ತದೆ. ದೂರದವರ ಮುಖ ಗುರುತು ಹಿಡಿಯುತ್ತಿದ್ದರಾ? ಅಣ್ಣ, ನಮ್ಮದು ನಿಮ್ಮದು ಅಂತ ಜಗಳ ಬೇಡ. ಕಣ್ಣು ಹೋದರೆ ಯಾರದ್ದೂ ವಾಪಸ್ ಬರಲ್ಲ.

ಬೀದರ್ ಅಕ್ಕ: ಕಾಂಟ್ಯಾಕ್ಟ್ ಲೆನ್ಸ್ ಹಾಕ್ಕೊಂಡು ಮಲಗಬಹುದಾ?

ಹುಬ್ಳಿ ಹುಡುಗ: ಪ್ರಾಣಾಯಾಮದಿಂದಾದ್ರೂ ಮೈನಸ್ ಕಮ್ಮಿ ಆಗುತ್ತಾ?

ಡಾಕ್ಟರ್: ಹುಬ್ಳಿ ಹುಡುಗ, ಮೇಲೆ ಹೇಳಿದ್ದೇನೆ. ಸಾಗರದವರೇ, ಒಂದು ಗಂಟೆಯಾಯಿತು. ಹೊರಟಿರಾ?

ಮೈಸೂರು ಮೇಷ್ಟ್ರು: ದೂರದವರನ್ನು ದನಿ ಕೇಳಿಯೇ ಗುರುತಿಸುತ್ತಿದ್ದರು. ಅದು ಪೊರೆಯಾ?

ಡಾಕ್ಟರ್: ಸಾಗರದವರೇ?

ಸಾಗರದ ತೋಟ: ಬಸ್ಸಲ್ಲಿದ್ದೇನೆ ಸರ್. ತಮ್ಮ ಜೊತೆಗಿದ್ದಾನೆ. ಮೂಗಿನ ಕಡೆಯಿಂದ ಸ್ವಲ್ಪ ಕತ್ತಲು ಕಾಣುತ್ತಿದೆ.

ಡಾಕ್ಟರ್: ಇಳಿದ ತಕ್ಷಣ ಆಟೋ ಹಿಡಿಯಿರಿ. ಕತ್ತಲು ಯಾವ ಕಡೆಯಿಂದ ಬಂತು ಅನ್ನುವುದನ್ನು ಅಲ್ಲಿ ಮೊದಲೇ ಹೇಳಿ.