ಶಿವಮೊಗ್ಗ ರೂಟಿಗೆ ಬ್ಯಾಟರಿ ವಿಮಾನ ಆಗುತ್ತಾ?

ಪ್ರಶ್ನೆ: ಮೇಡಂ ನಮಸ್ಕಾರ, ನಂದು ಶಿವಮೊಗ್ಗ. 2023ರ ಆಗಸ್ಟಲ್ಲಿ ನಮ್ಮೂರಿಗೆ ಎಟಿಆರ್ (ಪ್ರೊಪೆಲ್ಲರ್ ಇರೋ ಚಿಕ್ಕ ವಿಮಾನ) ಶುರುವಾದಾಗಿಂದ ಬೆಂಗಳೂರಿಗೆ ನಾಲ್ಕೈದು ಸಲ ಓಡಾಡಿದೀನಿ, ಹತ್ತಿದ್ವಿ ಅನ್ನೋಷ್ಟರಲ್ಲಿ ಇಳಿಯೋ ಟೈಮ್. ಇಷ್ಟು ಹತ್ತಿರಕ್ಕೆ ಬ್ಯಾಟರಿ ವಿಮಾನ ಯಾಕಾಗಲ್ಲ? ಕಾರಲ್ಲಿ ಇರೋ ಥರ ಇಂಜಿನ್ನೂ ಮೋಟಾರೂ ಎರಡೂ ಇರೋ ಹೈಬ್ರಿಡ್ ಆದ್ರೂ?

ಉತ್ತರ: ನಮಸ್ಕಾರ ಸರ್, ನಾನು ಇಂಜಿನ್ ಕಡೆ ಕೆಲಸ ಮಾಡೋಳು, ಹಾಗಾಗಿ ಲೆಕ್ಕದಿಂದಾನೇ ಹೇಳ್ತೀನಿ. ನಿಮ್ಮ ರೂಟ್ ನೇರ ಗೆರೆ ಎಳೆದ್ರೆ ಸುಮಾರು 240 ಕಿ.ಮೀ. ಇದಕ್ಕೆ ಎಟಿಆರ್ 72 ಒಂದು 500 ಕೆಜಿ ಇಂಧನ ಸುಡುತ್ತೆ ಅಂತ ಇಟ್ಕೊಳ್ಳಿ. ಒಂದು ಕೆಜಿ ಇಂಧನದಲ್ಲಿ ಹತ್ತಿರ ಹತ್ತಿರ 12 ಯೂನಿಟ್ (ಕರೆಂಟ್ ಬಿಲ್ಲಲ್ಲಿ ಬರೋ ಯೂನಿಟ್ಟೇ) ಶಕ್ತಿ ಇರುತ್ತೆ, ಅಂದ್ರೆ 6000 ಯೂನಿಟ್, ಅದರಲ್ಲಿ ಸುಮಾರು 30% ಮಾತ್ರ ಪ್ರೊಪೆಲ್ಲರ್ ತಿರುಗಿಸೋಕೆ ಸಿಗೋದು, ಉಳಿದಿದ್ದೆಲ್ಲ ಬಿಸಿಯಾಗಿ ಹೋಗುತ್ತೆ. ಸರಿ, 1800 ಯೂನಿಟ್ ಬೇಕು. ಈಗಿನ ಬ್ಯಾಟರಿ ಪ್ಯಾಕ್ ಕೆಜಿಗೆ 0.2 ಯೂನಿಟ್ ಹಿಡಿಯುತ್ತೆ ಅಂದ್ರೂ ಮೋಟಾರಲ್ಲಿ ಹೋಗೋ ನಷ್ಟ ಸೇರಿ 10 ಟನ್ ಬ್ಯಾಟರಿ ಆಯ್ತು. 72 ಜನ, ಅವರ ಲಗೇಜು ಎಲ್ಲ ಸೇರಿದ್ರೂ ಏಳೂವರೆ ಟನ್ ದಾಟಲ್ಲ ಸರ್! ಅದೂ ಮಳೆಗಾಲದಲ್ಲಿ ಶಿವಮೊಗ್ಗದಲ್ಲಿ ಇಳಿಯೋಕಾಗದೆ ಬೇರೆ ಏರ್‌ಪೋರ್ಟಿಗೆ ಹೋಗಬೇಕಾದ್ರೆ ಬೇಕಾಗೋ ರಿಸರ್ವ್ ಇನ್ನೂ ಸೇರಿಸಿಲ್ಲ. ಇಂಧನ ಆದ್ರೆ ಹಾರ್ತಾ ಹಾರ್ತಾ ಭಾರ ಇಳಿಯುತ್ತೆ, ಬ್ಯಾಟರಿ ಖಾಲಿಯಾದ್ರೂ ಅಷ್ಟೇ ತೂಕ.

ಹೈಬ್ರಿಡ್ ಬೇಕಾಗೋದು ಇಲ್ಲೇ, ಆದ್ರೆ ಕಾರಿನ ಥರ ಅಲ್ಲ. ಕಾರಿಗೆ ಬ್ರೇಕ್ ಹಾಕಿದಾಗೆಲ್ಲ ಕರೆಂಟ್ ವಾಪಸ್ ಬರುತ್ತೆ, ವಿಮಾನದಲ್ಲಿ ಆ ಲಾಭ ಇಲ್ವೇ ಇಲ್ಲ ಅನ್ನಬಹುದು. ಇಲ್ಲಿ ಲಾಭ ಬೇರೆ. ಇಂಜಿನ್ನನ್ನ ಟೇಕಾಫ್‌ಗೆ ಅಂತ ದೊಡ್ಡದಾಗಿ ಮಾಡಿರ್ತಾರೆ, ಮೇಲೆ ಹೋದ್ಮೇಲೆ ಅಷ್ಟು ಬೇಕಿರಲ್ಲ, ಏರೋವಾಗ ಮೋಟಾರ್ ಕೈ ಹಿಡಿದ್ರೆ ಇಂಜಿನ್ ಚಿಕ್ಕದು ಸಾಕು. ಪ್ರಾಟ್ ಅಂಡ್ ವಿಟ್ನಿ ಕೆನಡಾ ಅನ್ನೋ ಇಂಜಿನ್ ಕಂಪನಿ ಡ್ಯಾಶ್ 8 ಅನ್ನೋ ಪ್ರೊಪೆಲ್ಲರ್ ವಿಮಾನ ಇಟ್ಕೊಂಡು ಮಾಡ್ತಿರೋದು ಇದನ್ನೇ, 1 ಮೆಗಾವಾಟ್ ಇಂಜಿನ್, ಜೊತೆಗೆ 1 ಮೆಗಾವಾಟ್ ಮೋಟಾರ್, ಗುರಿ 30% ಇಂಧನ ಉಳಿತಾಯ. ನನಗೆ ಇದರ ಮೇಲೇ ನಂಬಿಕೆ ಜಾಸ್ತಿ.

ಪ್ರಶ್ನೆ: ಮಧ್ಯೆ ಬಾಯಿ ಹಾಕ್ತಿದೀನಿ ಮೇಡಂ, ಸ್ವೀಡನ್‌ನವರು ಪೂರ್ತಿ ಎಲೆಕ್ಟ್ರಿಕ್ ಅಂತಿದ್ರಲ್ಲ?

ಉತ್ತರ: ಹಾರ್ಟ್ ಏರೋಸ್ಪೇಸ್ ತಾನೇ? ಮೊದಲು 19 ಸೀಟು, ಪೂರ್ತಿ ಬ್ಯಾಟರಿ ಅಂದ್ರು. 2022ರಲ್ಲಿ ಅದನ್ನ ಬಿಟ್ಟು 30 ಸೀಟಿನ ಇಎಸ್-30 ಹೈಬ್ರಿಡ್‌ಗೆ ಬಂದ್ರು, ಬ್ಯಾಟರಿಯಲ್ಲೇ 200 ಕಿ.ಮೀ., ಹೈಬ್ರಿಡ್ ಸೇರಿ 400 ಕಿ.ಮೀ. ಅಂತ ಪ್ಲಾನ್. ಅವರು ಬದಲಾಯಿಸಿದ್ದು ಸರಿನೇ, ರಿಸರ್ವನ್ನ ಬ್ಯಾಟರಿಯಲ್ಲಿ ಹೊತ್ಕೊಂಡು ಹೋಗೋದು ಆಗದ ಮಾತು.

ಪ್ರಶ್ನೆ: ಹಾಗಾದ್ರೆ ಟಿಕೆಟ್ ಕಮ್ಮಿ ಆಗುತ್ತಾ?

ಉತ್ತರ: ನನಗೆ ತುಂಬ ಯೋಚನೆ ಇರೋದು ಇದರದ್ದೇ ಸರ್. ಇಟಲಿಯ ಟೆಕ್ನಾಮ್ ಕಂಪನಿ 2023ರಲ್ಲಿ ತನ್ನ ಪಿ-ವೋಲ್ಟ್ ಅನ್ನೋ ಬ್ಯಾಟರಿ ವಿಮಾನದ ಕೆಲಸ ನಿಲ್ಲಿಸ್ತು, ಕೆಲವೇ ನೂರು ಹಾರಾಟಕ್ಕೆ ಇಡೀ ಬ್ಯಾಟರಿ ಬದಲಾಯಿಸಬೇಕಾಗುತ್ತೆ ಅಂತ ಅವರೇ ಹೇಳಿದ್ರು. ಈ ಥರ ವಿಮಾನ ದಿನಕ್ಕೆ ಆರೇಳು ಟ್ರಿಪ್ ಮಾಡುತ್ತೆ, ಲೆಕ್ಕ ಹಾಕಿ, ಕೆಲವೇ ತಿಂಗಳಲ್ಲಿ ಹೊಸ ಬ್ಯಾಟರಿ. ಚಾರ್ಜಿಂಗೂ ಅಷ್ಟೇ, ಅರ್ಧ ಗಂಟೆ ನಿಂತಾಗ 1000 ಯೂನಿಟ್ ತುಂಬ್ಬೇಕು ಅಂದ್ರೆ 2 ಮೆಗಾವಾಟ್ ಲೈನ್ ಬೇಕು, ಅದೂ ಸಣ್ಣ ಊರಿನ ಏರ್‌ಪೋರ್ಟಲ್ಲಿ. ಅದಕ್ಕೇ ಚಿಕ್ಕ ಬ್ಯಾಟರಿ, ಟೇಕಾಫ್‌ಗಷ್ಟೇ ಮೋಟಾರ್ ಸಹಾಯ, ಉಳಿದಿದ್ದು ಇಂಧನ, ಸದ್ಯಕ್ಕೆ ಏರ್‌ಲೈನಿಗೆ ಗಿಟ್ಟಬಹುದಾದ ದಾರಿ ಇದೊಂದೇ ಅನ್ಸುತ್ತೆ ನಂಗೆ. ಮುಂದಿನ ಸಲ ಹೊಸ ವಿಮಾನದ ಸುದ್ದಿ ಓದಿದಾಗ ಇಲ್ಲಿ ಹಾಕಿ, ಸೀಟು ತುಂಬಿ ರಿಸರ್ವ್ ಇಟ್ಟಮೇಲೆ ಎಷ್ಟು ದೂರ ಹೋಗುತ್ತೆ ಅನ್ನೋದು ಅದರಲ್ಲಿದ್ರೆ ಕೂತು ಲೆಕ್ಕ ಮಾಡಿ ಹೇಳ್ತೀನಿ.